ದಂಡದ ಹನ್ನೊಂದನೆಯ ಗುಣ

ನನ್ನ ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ನಮ್ಮ ಕಾಲದಲ್ಲಿ ಮಕ್ಕಳನ್ನು ರಜೆಯ ದಿನ ಸಂಗೀತಕ್ಕೋ ಹಿಂದಿ ಪರೀಕ್ಷೆಯ ಪಾಠಕ್ಕೋ ಕಳುಹಿಸುತ್ತಿದ್ದರು. ಈಗ ಬೆಂಗಳೂರಿನ ಹೊರವಲಯದಲ್ಲಿ ಕುದುರೆ ಸವಾರಿ ಕಲಿಸುವ ಶಾಲೆಗಳು ನಡೆಯುತ್ತಿವೆ. ವಾರವೆಲ್ಲ ಆಫೀಸಿನಲ್ಲಿ ದಣಿದ ತಂದೆತಾಯಿಗಳು ಭಾನುವಾರ ಬೆಳಗ್ಗೆ ಎದ್ದು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಇದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ. ಮೊಬೈಲಿನ ಮೇಲೆ ಬೆರಳಾಡಿಸುತ್ತ ಕೂರುವುದಕ್ಕಿಂತ ಉಸಿರಾಡುವ ಪ್ರಾಣಿಯೊಂದರ ಪಕ್ಕದಲ್ಲಿ ಒಂದು ಗಂಟೆ ನಿಲ್ಲುವುದು ಎಷ್ಟೋ ಮೇಲು. ಹಾಗೆಂದುಕೊಂಡೇ ಮೊದಲ ದಿನ ನಾನೂ ಜೊತೆಗೆ ಹೋದೆ.

ಸವಾರಿಯ ಮೇಷ್ಟ್ರು ಸಭ್ಯರು, ಮಾತು ಮೃದು. ಮಗುವಿಗೆ ಟೋಪಿ ತೊಡಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದು ನೋಡಿದರು. ಅವಳು ಇನ್ನೂ ಕುದುರೆಯ ಕತ್ತನ್ನು ಮುಟ್ಟಿರಲಿಲ್ಲ, ಅದರ ಹೆಸರೇನೆಂದು ಕೇಳಿರಲಿಲ್ಲ. ಅಷ್ಟರಲ್ಲೆ ಚರ್ಮ ಸುತ್ತಿದ ಎರಡಡಿಯ ಛಡಿಯೊಂದನ್ನು ಅವಳ ಕೈಗೆ ಕೊಟ್ಟು, “ಯಜಮಾನರು ಯಾರು ಅಂತ ಮೊದಲು ಅದಕ್ಕೆ ತಿಳೀಬೇಕು, ಪುಟ್ಟಿ” ಎಂದರು.

“ಇಷ್ಟು ಬೇಗ ಛಡಿ ಏಕೆ?” ಎಂದು ನಾನು ಕೇಳಿದೆ.

ಅವರು ನಕ್ಕರು. “ನಮ್ಮ ಹಿರಿಯರೇ ಹೇಳಿದ್ದಾರಲ್ಲ ಸಾರ್, ದಂಡಂ ದಶಗುಣಂ ಅಂತ.” ಸುತ್ತ ನಿಂತಿದ್ದ ಇತರ ತಂದೆತಾಯಿಗಳೂ ನಕ್ಕರು. ನಾನು ಬಾಯಿ ಮುಚ್ಚಿಕೊಂಡೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿದವನಿಗೆ ಆ ಹೊತ್ತಿಗೆ ಉತ್ತರ ಹೊಳೆಯದೆ ಹೋಯಿತು. ಅಂದು ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದಾಗಿ, ಹಿರಿಯರು ಹಾಗೆ ಹೇಳಿಯೇ ಇಲ್ಲ. ದಂಡಕ್ಕೆ ಹತ್ತು ಗುಣ ಎನ್ನುವ ಸುಭಾಷಿತ ಊರುಗೋಲನ್ನು ಕುರಿತದ್ದು. ಮೇಲೆರಗುವ ಹಕ್ಕಿ, ಅಟ್ಟಿ ಬರುವ ನಾಯಿ, ಶತ್ರು, ಹಾವು, ದನ—ಈ ಐದನ್ನು ದೂರವಿಡುವುದಕ್ಕೆ ಕೋಲು ಬೇಕು. ಕೆಸರಿನಲ್ಲಿ, ನೀರಿನಲ್ಲಿ, ಕಣ್ಣು ಕಾಣದಾಗ, ಕತ್ತಲೆಯಲ್ಲಿ, ಮುಪ್ಪಿನಲ್ಲಿ—ಈ ಐದು ಕಡೆ ಆಸರೆಗೆ ಕೋಲು ಬೇಕು. ಲೆಕ್ಕ ಹತ್ತಕ್ಕೆ ಮುಗಿಯಿತು. ಪಾಪ, ದಾರಿ ನಡೆಯುವ ಮುದುಕನೊಬ್ಬನ ಅನುಭವದ ಮಾತು ಅದು. ಅದರಲ್ಲಿ ಕೋಲಿನಿಂದ ಕಲಿಸಬಹುದು ಎಂಬ ಗುಣ ಎಲ್ಲಿಯೂ ಇಲ್ಲ. ಅದು ನಾವು ಸೇರಿಸಿದ ಹನ್ನೊಂದನೆಯದು.

ಹೀಗೆ ಸೇರಿಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡಲಾರೆ. ಈ ಸುಭಾಷಿತದ ಅರ್ಥವನ್ನು ತರಗತಿಯಲ್ಲಿ ಪದಚ್ಛೇದ ಮಾಡಿ ವಿವರಿಸಿದವನು ನಾನೇ. ಶಬ್ದರೂಪ ತಪ್ಪಿದ ಹುಡುಗನ ಅಂಗೈಗೆ ಬೆತ್ತ ಕೊಟ್ಟು ‘ದಂಡಂ ದಶಗುಣಂ’ ಎಂದವನೂ ನಾನೇ. ಆ ಹುಡುಗರು ಶಬ್ದರೂಪವನ್ನು ಉಳಿಸಿಕೊಂಡರೋ ಇಲ್ಲವೋ ನಾನರಿಯೆ. ಬೆತ್ತವನ್ನಂತೂ ಮರೆತಿಲ್ಲ, ಈಗಲೂ ದಾರಿಯಲ್ಲಿ ಸಿಕ್ಕರೆ ನಗುತ್ತ ಅದನ್ನೇ ನೆನೆಯುತ್ತಾರೆ. ಆದುದರಿಂದ ಈ ವಾದದಲ್ಲಿ ನಾನು ಕೈ ಶುದ್ಧವಾಗಿರುವ ಮನುಷ್ಯನಲ್ಲ. ಆ ಕೈಗೆ ಈಗ ನಾಚಿಕೆಯಾಗಿದೆ, ಅಷ್ಟೆ. ಮನೆಗೆ ಬಂದು ಕುದುರೆಯ ವಿಷಯವನ್ನು ಓದತೊಡಗಿದೆ. ಓದಿದಷ್ಟೂ ನಾಚಿಕೆ ಹೆಚ್ಚಾಯಿತು.

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಈಡಾಗುವ ಪ್ರಾಣಿ. ಈ ಒಂದು ಸಂಗತಿಯಲ್ಲಿ ಅದರ ಸ್ವಭಾವವೆಲ್ಲ ಅಡಗಿದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ನಿಂತಲ್ಲೆ ಸುಮಾರು ೩೫೦ ಡಿಗ್ರಿಯಷ್ಟು ಸುತ್ತಲೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದೆ ಮತ್ತು ಹಣೆಯ ಮುಂದೆ ಸ್ವಲ್ಪ ಜಾಗ ಮಾತ್ರ. ಪೊದೆಯಲ್ಲಿ ಅಲುಗಿದ್ದು ಗಾಳಿಯೋ ಹುಲಿಯೋ ಎಂದು ವಿಚಾರ ಮಾಡುತ್ತ ನಿಂತ ಕುದುರೆಗಳು ಸಂತಾನ ಬಿಡಲಿಲ್ಲ. ಮೊದಲು ಓಡಿ ಆಮೇಲೆ ತಿರುಗಿ ನೋಡಿದವುಗಳ ಮೊಮ್ಮಕ್ಕಳು ಇಂದಿನ ಕುದುರೆಗಳು. ಬೆನ್ನ ಮೇಲೆ ನೊಣ ಕೂತರೆ ಅಷ್ಟೇ ಜಾಗದ ಚರ್ಮವನ್ನು ನಡುಗಿಸಿ ಹಾರಿಸುತ್ತದೆ. ನೊಣದ ಕಾಲು ತಿಳಿಯುವ ಚರ್ಮಕ್ಕೆ ಛಡಿಯ ಭಾಷೆಯಲ್ಲದೆ ಬೇರೆ ಭಾಷೆ ತಿಳಿಯದು ಎನ್ನುವವರ ಧೈರ್ಯವನ್ನು ಮೆಚ್ಚಬೇಕು!

ಇಂಥ ಪ್ರಾಣಿ ಕಲಿಯುವುದು ಹೇಗೆ? ಅದರ ಪಕ್ಕೆಗೆ ಒಂದು ಬೆರಳನ್ನು ಇಟ್ಟು ಮೆಲ್ಲಗೆ ಒತ್ತಿರಿ. ಕುದುರೆ ಮೊದಲು ಸುಮ್ಮನಿರುತ್ತದೆ. ಆಮೇಲೆ ಕಿವಿ ಈ ಕಡೆ ತಿರುಗುತ್ತದೆ. ಕೊನೆಗೆ ಭಾರವನ್ನು ಆಚೆಯ ಕಾಲಿಗೆ ಬದಲಾಯಿಸುತ್ತದೆ. ಆ ಕ್ಷಣದಲ್ಲೆ ಬೆರಳನ್ನು ತೆಗೆಯಬೇಕು. ‘ಓಹೋ, ನಾನು ಸರಿದೆ, ಒತ್ತುವುದು ನಿಂತಿತು’ ಎಂದು ಅದಕ್ಕೆ ಗೊತ್ತಾಗುತ್ತದೆ. ಮಾರನೆಯ ಸಲ ಅರ್ಧ ಒತ್ತಿದರೆ ಸಾಕು, ಅದರ ಮಾರನೆಯ ಸಲ ಬೆರಳು ಹತ್ತಿರ ಬಂದರೆ ಸಾಕು. ಒತ್ತಿದ್ದರಿಂದ ಅದು ಕಲಿಯಲಿಲ್ಲ, ಬಿಟ್ಟದ್ದರಿಂದ ಕಲಿಯಿತು. ಲಗಾಮಿನ ಪಾಠವೂ ಇದೇ, ಸವಾರನ ಕಾಲಿನ ಪಾಠವೂ ಇದೇ. ಸರಿಯಾದ ಕ್ಷಣದಲ್ಲಿ ಬಿಡಬಲ್ಲವನು ಗುರು. ಬಿಡಲಾರದವನ ಕೈಯಲ್ಲಿ ಛಡಿಯಿದ್ದರೂ ಬೆಲ್ಲವಿದ್ದರೂ ಒಂದೇ.

ಇನ್ನು ಹೊಡೆತವನ್ನು ನೋಡೋಣ. ದಾರಿಯಲ್ಲಿ ಪ್ಲಾಸ್ಟಿಕ್ ಚೀಲವೊಂದು ಹಾರಿ ಕುದುರೆ ಬೆಚ್ಚಿ ಪಕ್ಕಕ್ಕೆ ನೆಗೆಯುತ್ತದೆ. ಸವಾರ ಅವಮಾನದಿಂದ ಕೆಂಪಾಗಿ ನಾಲ್ಕು ಬಿಗಿಯುತ್ತಾನೆ. ಕುದುರೆ ಕಲಿತದ್ದೇನು? ಚೀಲ ಕಂಡರೆ ಮೈ ಉರಿಯುತ್ತದೆ ಎಂದು! ಮೊದಲು ಚೀಲದ ಭಯವೊಂದಿತ್ತು. ಈಗ ಬೆನ್ನ ಮೇಲೆ ಕೂತವನ ಭಯವೂ ಸೇರಿತು. ಇದು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ಅಥೆನ್ಸಿನ ಸೇನಾನಿ ಕ್ಸೆನೊಫನ್ ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲೆ ಅಶ್ವವಿದ್ಯೆಯ ಮೇಲೆ ಒಂದು ಸಣ್ಣ ಪುಸ್ತಕ ಬರೆದಿದ್ದಾನೆ. ಹೆದರಿದ ಕುದುರೆಯನ್ನು ಹೊಡೆದರೆ ಆ ನೋವೂ ಎದುರಿನ ವಸ್ತುವಿನಿಂದಲೇ ಬಂತೆಂದು ಅದು ತಿಳಿಯುತ್ತದೆ, ಆದ್ದರಿಂದ ಮೆಲ್ಲಗೆ ಅದರ ಬಳಿಗೆ ಕರೆದೊಯ್ಯಬೇಕು, ಕೋಪ ಬಂದಾಗ ಕುದುರೆಯ ತಂಟೆಗೆ ಹೋಗಲೇಬಾರದು ಎಂಬುದು ಅವನ ಅಭಿಪ್ರಾಯ. ಅವನು ಕುದುರೆಯ ಮೇಲೆ ಕೂತು ಯುದ್ಧ ಮಾಡಿದವನು. ಹಿರಿಯರ ಮಾತೇ ಬೇಕಿದ್ದರೆ ಇವನೂ ಸಾಕಷ್ಟು ಹಿರಿಯ.

“ಅದೆಲ್ಲ ಸರಿ, ನಮ್ಮ ಕುದುರೆಗಳು ಮೊಂಡು, ಛಡಿಯಿಲ್ಲದೆ ಹೆಜ್ಜೆಯಿಡುವುದಿಲ್ಲ” ಎನ್ನುತ್ತಾರೆ ಸವಾರಿ ಶಾಲೆಯವರು. ಮೊಂಡು ಹೌದು. ಆದರೆ ಮೊಂಡು ಮಾಡಿದವರು ಯಾರು? ಹೊಸಬನೊಬ್ಬ ಜೀನಿನ ಮೇಲೆ ಕೂತರೆ ಮೈ ತೂಗುತ್ತದೆ. ಪ್ರತಿ ಹೆಜ್ಜೆಗೂ ಅವನ ಹಿಮ್ಮಡಿ ಕುದುರೆಯ ಪಕ್ಕೆಯನ್ನು ಬಡಿಯುತ್ತದೆ. ಬೀಳುವ ಭಯಕ್ಕೆ ಲಗಾಮನ್ನು ಹಿಡಿದು ಜೋತಾಡುತ್ತಾನೆ. ಕಾಲು ‘ಹೊರಡು’ ಎನ್ನುತ್ತದೆ, ಕೈ ‘ನಿಲ್ಲು’ ಎನ್ನುತ್ತದೆ. ಎರಡೂ ಒಮ್ಮೆಗೆ, ಬಿಡುವಿಲ್ಲದೆ. ಹೊರಟರೂ ಬಡಿತ ನಿಲ್ಲದು, ನಿಂತರೂ ಎಳೆತ ತಪ್ಪದು. ಕುದುರೆ ಏನು ಮಾಡಬೇಕು? ರೈಲುಹಳಿಯ ಪಕ್ಕದ ಮನೆಯವರು ರೈಲಿನ ಸದ್ದನ್ನು ಕೇಳಿಸಿಕೊಳ್ಳದಿರುವುದನ್ನು ಕಲಿತಂತೆ ಅದೂ ಕೇಳಿಸಿಕೊಳ್ಳದಿರುವುದನ್ನು ಕಲಿಯುತ್ತದೆ. ಆಗ ಅದಕ್ಕೆ ‘ಮೊಂಡು’ ಎಂಬ ಬಿರುದು. ಬಿರುದಿನ ಜೊತೆಗೆ ಛಡಿ. ಕೆಲವು ತಿಂಗಳಲ್ಲಿ ಛಡಿಯನ್ನೂ ಕೇಳಿಸಿಕೊಳ್ಳದಿರಲು ಕಲಿಯುತ್ತದೆ. ಆಗ ಇನ್ನೂ ಗಟ್ಟಿಯಾದದ್ದು ಬೇಕಾಗುತ್ತದೆ. ಪ್ರತಿ ವರ್ಷ ಸಾಲ ತೀರಿಸಲು ಹೊಸ ಸಾಲ ಮಾಡುವವನ ಲೆಕ್ಕ ಇದು.

ಕುದುರೆ ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆಂಬುದಕ್ಕೆ ನನ್ನಂತೆಯೇ ನಿವೃತ್ತನಾದ ಮೇಷ್ಟರೊಬ್ಬನ ಕಥೆಯಿದೆ. ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬಾತ ಹಾನ್ಸ್ ಎಂಬ ತನ್ನ ಕುದುರೆಗೆ ಗಣಿತ ಕಲಿಸಿರುವೆನೆಂದು ಹೇಳಿಕೊಂಡ. ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಹೇಳುತ್ತಿತ್ತು. ಜನ ಮುತ್ತಿಕೊಂಡರು. ೧೯೦೪ರಲ್ಲಿ ವಿದ್ವಾಂಸರ ಸಮಿತಿಯೊಂದು ಪರೀಕ್ಷಿಸಿ, ಮೋಸವೇನೂ ಕಾಣುವುದಿಲ್ಲವೆಂದು ಹೇಳಿತು. ಆಮೇಲೆ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ತಾಳ್ಮೆಯಿಂದ ಪರೀಕ್ಷೆ ನಡೆಸಿ ೧೯೦೭ರಲ್ಲಿ ಗುಟ್ಟನ್ನು ಪ್ರಕಟಿಸಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸನಿಗೂ ಗೊತ್ತಿರಲಿಲ್ಲ. ಕೇಳುವವನು ಕಣ್ಣಿಗೆ ಬೀಳದಿದ್ದರೂ ಗೊತ್ತಿರಲಿಲ್ಲ. ತಟ್ಟುವ ಎಣಿಕೆ ಸರಿಯಾದ ಸಂಖ್ಯೆಗೆ ಮುಟ್ಟಿದಾಗ ಕೇಳುವವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದನ್ನು ಕಂಡು ಕುದುರೆ ನಿಲ್ಲಿಸುತ್ತಿತ್ತು. ಅಂದಿನವರು ಇದನ್ನು ಕುದುರೆಯ ಸೋಲೆಂದು ಭಾವಿಸಿ ನಕ್ಕರು. ನನಗೆ ಬೇರೆ ರೀತಿ ತೋರುತ್ತದೆ. ಸಮಿತಿಯ ಪಂಡಿತರೆಲ್ಲ ಸೇರಿ ಕಾಣದೆ ಹೋದ ಚಲನೆಯನ್ನು ಕುದುರೆಯೊಂದು ದಿನವೂ ಕಾಣುತ್ತಿತ್ತಲ್ಲ! ಅಂಥ ಪ್ರಾಣಿಯ ಮುಂದೆ ಛಡಿಯೆತ್ತಿ ನಿಲ್ಲುವುದು, ಪಿಸುಮಾತು ಕೇಳಬಲ್ಲವನ ಕಿವಿಯ ಬಳಿ ತಮಟೆ ಬಡಿದಂತೆ.

ಕುದುರೆಯನ್ನು ‘ಮುರಿಯಬೇಕು’ ಎಂಬ ಮಾತು ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ. ಅಮೆರಿಕದ ಪಶ್ಚಿಮ ಪ್ರಾಂತದ ದನಗಾಹಿಗಳು ಆ ಮಾತನ್ನು ಅಕ್ಷರಶಃ ನಡೆಸಿದರು. ಬಯಲಿನಲ್ಲಿ ಬೆಳೆದ ಕುದುರೆಯನ್ನು ಹಗ್ಗ ಹಾಕಿ ಕೆಡವಿ, ಜೀನು ಬಿಗಿದು, ಅದು ನೆಗೆದು ನೆಗೆದು ಸೋತು ನಿಲ್ಲುವವರೆಗೆ ಮೇಲೆ ಕೂತಿದ್ದರೆ ಕೆಲವೇ ದಿನದಲ್ಲಿ ಕುದುರೆ ತಯಾರು. ಇದರ ಹಿಂದೆ ತತ್ತ್ವವೇನೂ ಇರಲಿಲ್ಲ, ಬೆಲೆಯ ಲೆಕ್ಕವಿತ್ತು. ಕುದುರೆ ಅಗ್ಗ, ಆಳಿನ ಹೊತ್ತು ತುಟ್ಟಿ.

ಆ ನೆಲದಲ್ಲೆ, ಆ ದನಗಾಹಿಗಳ ನಡುವೆಯೇ ಬೇರೆ ದಾರಿಯೂ ಹುಟ್ಟಿತೆಂಬುದು ಗಮನಿಸತಕ್ಕ ವಿಷಯ. ಆರೆಗಾನ್ ಪ್ರಾಂತದಲ್ಲಿ ಹುಟ್ಟಿದ ಬಿಲ್ ಡಾರೆನ್ಸ್ (೧೯೦೬–೧೯೯೯) ಮತ್ತು ಟಾಮ್ ಡಾರೆನ್ಸ್ (೧೯೧೦–೨೦೦೩) ಎಂಬ ಅಣ್ಣತಮ್ಮಂದಿರು ವಿಶ್ವವಿದ್ಯಾನಿಲಯದ ಪಂಡಿತರಲ್ಲ, ದನದ ಹಿಂದೆ ದುಡಿದವರು. ಕುದುರೆ ಏನು ಮಾಡುತ್ತದೆಂದು ನೋಡುವ ಮೊದಲು, ಅದನ್ನು ಮಾಡುವುದಕ್ಕೆ ಮುಂಚೆ ಅದರ ಮೈಯಲ್ಲಿ ಏನಾಗುತ್ತದೆಂದು ನೋಡಿ ಎಂಬುದು ಅವರ ಪಾಠದ ಸಾರ. ಟಾಮನಿಂದ ಕಲಿತ ರೇ ಹಂಟ್ (೧೯೨೯–೨೦೦೯) ಊರೂರು ತಿರುಗಿ ಜನರಿಗೆ ಕಲಿಸಿದ; ತಾನು ಬಂದಿರುವುದು ಕುದುರೆಯ ಪರವಾಗಿ ಎಂದು ಜನರ ಮುಖಕ್ಕೇ ಹೇಳುತ್ತಿದ್ದ. ಕುದುರೆಗೆ ಸರಿಯಾದುದನ್ನು ಸುಲಭ ಮಾಡಿಡಿ, ತಪ್ಪನ್ನು ಕಷ್ಟ ಮಾಡಿಡಿ, ಆಮೇಲೆ ಕಾಯಿರಿ ಎಂಬುದು ಅವನ ಮಾರ್ಗ. ಕಾಯುವುದೇ ಕಷ್ಟ, ನಮ್ಮಲ್ಲಿ ಹೆಚ್ಚಿನವರು ಕಾಯಲಾರದೆ ಛಡಿಯೆತ್ತುವವರು.

ಇವರ ಪರಂಪರೆಯಲ್ಲಿ ಬಂದ ಬಕ್ ಬ್ರಾನಮನ್ (ಜನನ ೧೯೬೨) ಎಂಬಾತನ ಬಾಲ್ಯವನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಬೇಕಾಯಿತು. ಹಗ್ಗದ ಆಟ ತೋರಿಸುವ ಬಾಲಕನಾಗಿ ಅವನು ಅಣ್ಣನ ಜೊತೆ ಪ್ರಸಿದ್ಧನಾಗಿದ್ದ. ಮನೆಯಲ್ಲಿ ಅವನ ತಂದೆ ಇಬ್ಬರನ್ನೂ ಮೈ ಬಾಸುಂಡೆ ಬರುವಂತೆ ಹೊಡೆಯುತ್ತಿದ್ದ. ಕೊನೆಗೆ ಹುಡುಗರನ್ನು ಬೇರೊಂದು ಮನೆಯವರು ಸಾಕಿಕೊಂಡರು. ದೊಡ್ಡವನಾದ ಮೇಲೆ, ಮನುಷ್ಯನ ಕೈ ಮೇಲೆದ್ದರೆ ಬೆದರುವ ಕುದುರೆಯ ಮನಸ್ಸು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ೨೦೧೧ರಲ್ಲಿ ಅವನ ಮೇಲೆ ಬಂದ ಸಾಕ್ಷ್ಯಚಿತ್ರವನ್ನು ನೋಡಿದವರು ಬಲ್ಲರು: ಆತ ಕುದುರೆಯ ಬಳಿ ಮಾಡುವುದು ಬಹಳ ಕಡಿಮೆ, ಆದರೆ ಮಾಡುವ ಹೊತ್ತನ್ನು ತಪ್ಪುವುದಿಲ್ಲ. ಏಟು ತಿಂದವನು ಏಟು ಕೊಡುವುದು ಲೋಕರೂಢಿ. ಆ ರೂಢಿಯನ್ನು ತಪ್ಪಿಸಬಹುದೆಂದು ಒಬ್ಬ ತೋರಿಸಿದರೂ ಸಾಕು, ಉಳಿದವರಿಗೆ ನೆಪವಿಲ್ಲ.

ಇಷ್ಟು ಹೇಳಿ ಮುಗಿಸಿದ್ದರೆ ಛಡಿಯ ಪಕ್ಷದವರಿಗೆ ಮಾತ್ರ ಅನ್ಯಾಯವಾದೀತು. ಮೃದುತ್ವದ ಪಕ್ಷದಲ್ಲೂ ಕಪಟವಿದೆ. ಅದನ್ನು ಹೇಳದೆ ಬಿಡಲಾರೆ.

ಓಹಿಯೋ ಪ್ರಾಂತದ ಜಾನ್ ರೇರಿ (೧೮೨೭–೧೮೬೬) ೧೮೫೮ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ತೋರಿಸಿದ. ಕ್ರೂಸರ್ ಎಂಬ ಕೊಲೆಗಡುಕನೆಂದು ಹೆಸರಾದ ಗಂಡುಕುದುರೆಯನ್ನು ಕೆಲವೇ ಗಂಟೆಗಳಲ್ಲಿ ಸಾಧುಮಾಡಿದನೆಂದು ಲಂಡನ್ ಬೆರಗಾಯಿತು. ಅವನು ಚಾವಟಿಯನ್ನು ನಿಂದಿಸಿದವನು, ದಯೆಯನ್ನು ಬೋಧಿಸಿದವನು, ಅದು ಸುಳ್ಳಲ್ಲ. ಆದರೆ ವಿದ್ಯೆಯ ಗುಟ್ಟೇನು? ಮುಂಗಾಲೊಂದನ್ನು ಮಡಿಸಿ ಪಟ್ಟಿಯಿಂದ ಕಟ್ಟುವುದು. ಮೂರು ಕಾಲಿನಲ್ಲಿ ಕುಂಟಿ ಸುಸ್ತಾದ ಕುದುರೆಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸುವುದು. ಆಮೇಲೆ ಮೈ ಸವರುವುದು. ಓಡುವುದೇ ಪ್ರಾಣವಾಗಿರುವ ಪ್ರಾಣಿಯ ಕಾಲನ್ನು ಕಸಿದುಕೊಂಡ ಮೇಲೆ ಸವರಿದ ಕೈಯನ್ನು ಮೃದು ಎನ್ನಬೇಕೆ? ನೆಲದ ಮೇಲೆ ಸುಮ್ಮನೆ ಮಲಗಿರುವ ಕುದುರೆ ಒಪ್ಪಿದೆಯೋ, ಎಲ್ಲ ಆಸೆಯನ್ನೂ ಬಿಟ್ಟಿದೆಯೋ? ಎರಡೂ ನೋಡುವುದಕ್ಕೆ ಒಂದೇ ತರಹ.

ನಮ್ಮ ಕಾಲದಲ್ಲಿ ಮಾಂಟಿ ರಾಬರ್ಟ್ಸ್ ಎಂಬ ಕ್ಯಾಲಿಫೋರ್ನಿಯದ ಶಿಕ್ಷಕ ಲೋಕಪ್ರಸಿದ್ಧನಾದ. ೧೯೮೯ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಮುಂದೆ ವಿಂಡ್ಸರಿನಲ್ಲಿ ಅವನ ಪ್ರದರ್ಶನ ನಡೆಯಿತು. ಗುಂಡಗಿನ ಬೇಲಿಯೊಳಗೆ ಕುದುರೆಯನ್ನು ಬಿಟ್ಟು ಸುತ್ತಲೂ ಓಡಿಸುವುದು. ಅದು ಕಿವಿ ತಿರುಗಿಸಿ, ಬಾಯಿ ಚಪ್ಪರಿಸಿ, ತಲೆ ತಗ್ಗಿಸಿದಾಗ ಬೆನ್ನು ತಿರುಗಿಸಿ ನಿಲ್ಲುವುದು. ಆಗ ಕುದುರೆ ತಾನಾಗಿ ಹಿಂದೆ ಬರುತ್ತದೆ. ನೋಡಿದವರ ಕಣ್ಣಲ್ಲಿ ನೀರು. ಇದು ಕುದುರೆಯದೇ ಭಾಷೆ ಎಂದು ಅವನ ವಿವರಣೆ. ಸಿಡ್ನಿ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೨ರಲ್ಲಿ ಒಂದು ತಮಾಷೆ ಮಾಡಿದರು. ಮನುಷ್ಯನ ಬದಲು ಮಕ್ಕಳಾಟದ ಕಾರೊಂದನ್ನು ಬೇಲಿಯೊಳಗೆ ಬಿಟ್ಟು, ದೂರದಿಂದ ನಡೆಸಿ ಕುದುರೆಯನ್ನು ಅಟ್ಟಿಸಿದರು. ಕುದುರೆ ಅದರ ಕಡೆ ತಿರುಗಿದಾಗ ಕಾರನ್ನು ನಿಲ್ಲಿಸಿದರು. ಕುದುರೆ ಕಾರಿನ ಕಡೆ ತಿರುಗುವುದನ್ನೂ ಕಲಿಯಿತು! ಕಾರಿಗೆ ಯಾವ ಕುದುರೆಭಾಷೆ ಬರುತ್ತಿತ್ತು? ಅಟ್ಟುವುದು ನಿಂತಿತು, ಅಷ್ಟೇ ಅದಕ್ಕೆ ಬೇಕಾಗಿದ್ದುದು. ರಾಬರ್ಟ್ಸ್ ಚಾವಟಿಯ ವಿರುದ್ಧ ಲಕ್ಷಾಂತರ ಜನರ ಮನಸ್ಸು ತಿರುಗಿಸಿದ. ಅದಕ್ಕಾಗಿ ಅವನಿಗೆ ನಮಸ್ಕಾರ. ಆದರೆ ಹೋಗಲು ದಾರಿಯಿಲ್ಲದ ಬೇಲಿಯೊಳಗೆ ಹೆಚ್ಚು ಹೊತ್ತು ಅಟ್ಟಿದರೆ ಚಾವಟಿ ಮಾಯವಾಗುವುದಿಲ್ಲ, ಬೇಲಿಯೊಳಗೆ ಅಡಗಿಕೊಳ್ಳುತ್ತದೆ. ಮೃದುಮಾರ್ಗವೆಂಬ ಹೆಸರಿನಲ್ಲಿ ಇಂದು ವಿಶೇಷ ಹಗ್ಗ, ವಿಶೇಷ ಕೋಲು, ದುಬಾರಿ ಶಿಬಿರಗಳನ್ನು ಮಾರುವವರೂ ಇದ್ದಾರೆ. ಹಗ್ಗ ಯಾವ ಅಂಗಡಿಯದೆಂದು ಕುದುರೆ ಕೇಳುವುದಿಲ್ಲ. ಆ ಹಗ್ಗ ಯಾವಾಗ ಸಡಿಲವಾಗುತ್ತದೆಂದು ಮಾತ್ರ ನೋಡುತ್ತದೆ.

ಇನ್ನು ಆಕ್ಷೇಪಣೆಗಳು. ಒಂದು: “ನಾನೂರೈನೂರು ಕಿಲೋ ತೂಗುವ ಪ್ರಾಣಿ, ಕಾಲು ಝಾಡಿಸಿದರೆ ಮೂಳೆ ಮುರಿದೀತು, ಮುದ್ದು ಮಾಡುತ್ತ ಕೂತರೆ ಆದೀತೆ?” ಆಗದು. ಮುದ್ದು ಬೇರೆ, ಮೃದುತ್ವ ಬೇರೆ. ಮೈಮೇಲೆ ನುಗ್ಗುವ ಕುದುರೆಗೆ ಬೆಲ್ಲ ತಿನ್ನಿಸುವವನು ಅದಕ್ಕೂ ಕೇಡು ಮಾಡುತ್ತಾನೆ, ಮುಂದೆ ಅದನ್ನು ನೋಡಿಕೊಳ್ಳುವ ಲಾಯದ ಆಳಿಗೂ ಕೇಡು ಮಾಡುತ್ತಾನೆ. ಎಲ್ಲಿ ನಿಲ್ಲಬೇಕೆಂಬುದನ್ನು ಕುದುರೆಗೆ ಸ್ಪಷ್ಟವಾಗಿ, ದಿನವೂ ಒಂದೇ ರೀತಿಯಾಗಿ ತಿಳಿಸಬೇಕು. ಐನೂರು ಕಿಲೋ ತೂಕವೇ ಛಡಿಗೆ ಎದುರಾದ ವಾದವೂ ಹೌದು. ಬಲಪರೀಕ್ಷೆಗೆ ನಿಂತರೆ ಅರುವತ್ತು ಕಿಲೋದವನು ಗೆಲ್ಲಬಲ್ಲನೆ? ಅವನು ಬದುಕಿರುವುದು ಕುದುರೆಗೆ ಆ ಲೆಕ್ಕ ತಿಳಿಯದಿರುವುದರಿಂದ.

ಎರಡು: “ಸ್ಪರ್ಧೆಯಲ್ಲಿ ಗೆಲ್ಲಬೇಕಾದರೆ ಬಿಗಿ ಬೇಕು.” ೨೦೨೧ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಪೆಂಟಾತ್ಲಾನ್ ಸ್ಪರ್ಧೆಯಲ್ಲಿ, ಅದೇ ದಿನ ಪರಿಚಯವಾದ ಕುದುರೆ ನೆಗೆಯಲು ಒಪ್ಪದೆ ನಿಂತಿತು. ಮುಂದಿದ್ದ ಸವಾರಿಣಿ ಅಳುತ್ತ ಛಡಿ ಬೀಸಿದಳು. ಅವಳ ತರಬೇತುಗಾರ್ತಿ ಬೇಲಿಯಾಚೆಯಿಂದ ಕುದುರೆಯನ್ನು ಮುಷ್ಟಿಯಿಂದ ಗುದ್ದಿದಳು. ಲೋಕವೆಲ್ಲ ನೋಡಿತು. ಪದಕ ಬಂತೆ? ಅದೂ ಹೋಯಿತು, ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನ ನಂತರ ಆ ಸ್ಪರ್ಧೆಯಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ಪ್ಯಾರಿಸ್ಸಿಗೆ ಮುಂಚೆ, ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಸವಾರಿಣಿಯೊಬ್ಬಳು ಪಾಠ ಹೇಳುವಾಗ ಕುದುರೆಯ ಕಾಲಿಗೆ ಉದ್ದನೆಯ ಚಾವಟಿಯಿಂದ ಹೊಡೆದ ಚಿತ್ರ ಹೊರಬಂದು, ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು; ಒಂದು ವರ್ಷದ ನಿಷೇಧವೂ ಬಿತ್ತು. ಮೇಲಿನವರೇ ಹೀಗೆಂದು ಕೆಳಗಿನವರು ಸಮಾಧಾನ ಪಡಬಹುದು. ಮೇಲೇರಿದವರನ್ನೂ ಛಡಿ ಕೆಳಗಿಳಿಸಿತು ಎಂಬುದನ್ನೂ ಗಮನಿಸಬಹುದು.

ಮೂರು: “ಹೊತ್ತಿಲ್ಲ. ಹತ್ತು ಕುದುರೆ, ನಲವತ್ತು ಮಕ್ಕಳು, ಎರಡು ಗಂಟೆ.” ಇದೊಂದೇ ಪ್ರಾಮಾಣಿಕವಾದ ವಾದ, ಇದಕ್ಕೆ ನಾನು ತಲೆಬಾಗುತ್ತೇನೆ. ಹಳೆಯ ದನಗಾಹಿಗಳ ಲೆಕ್ಕವೇ ಇದು. ಸವಾರಿ ಶಾಲೆಯ ಮೇಷ್ಟರಿಗೂ ಸಂಸಾರವಿದೆ. ಹುರುಳಿಗೂ ಹುಲ್ಲಿಗೂ ಲಾಳಕ್ಕೂ ದುಡ್ಡು ಬೇಕು. ಆದರೆ ಹೊತ್ತಿಲ್ಲವೆಂದರೆ ಹೊತ್ತಿಲ್ಲವೆಂದೇ ಹೇಳಲಿ. ಹೊತ್ತಿನ ಬಡತನಕ್ಕೆ ಹಿರಿಯರ ವಿವೇಕವೆಂದು ಹೆಸರಿಡಬಾರದು. ನನ್ನ ತರಗತಿಯಲ್ಲೂ ಅರುವತ್ತು ಹುಡುಗರಿದ್ದರು, ನನಗೂ ಹೊತ್ತಿರಲಿಲ್ಲ. ಅದನ್ನು ಶಿಸ್ತು ಎಂದು ಕರೆದೆ.

ನಮ್ಮ ದೇಶದಲ್ಲಿ ಕಾನೂನು ಇಲ್ಲದಿಲ್ಲ. ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ೧೯೬೦ರದು. ಮುಳ್ಳಿರುವ ಕಡಿವಾಣವನ್ನು ಬಳಸಕೂಡದೆಂದು ೧೯೬೫ರ ನಿಯಮಗಳೇ ಹೇಳಿವೆ. ಕುದುರೆಯ ಬಾಯಲ್ಲಿ ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ ಒಸಡು ಮಾತ್ರ ಇರುವ ಬರಿ ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ. ಅಂಥ ಜಾಗಕ್ಕೆ ಮುಳ್ಳಿಟ್ಟವನ ಮನಸ್ಸನ್ನು ಊಹಿಸಿಕೊಳ್ಳಿ. ಶಾಲೆಯ ಮಕ್ಕಳನ್ನು ಹೊಡೆಯಕೂಡದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಕಾನೂನು ಮುಳ್ಳನ್ನು ತೆಗೆಸೀತು, ಬೆತ್ತವನ್ನು ಕಸಿದೀತು. ಕಾಯುವ ಗುಣವನ್ನು ಯಾರಿಗೂ ಕೊಡಲಾರದು. ಅದನ್ನು ಚಿಕ್ಕಂದಿನಲ್ಲೆ ಕಲಿಯಬೇಕು.

ನನ್ನ ಚಿಂತೆ ಕುದುರೆಯದಷ್ಟೇ ಅಲ್ಲವೆಂದು ಓದುಗರಿಗೆ ಈಗ ತಿಳಿದಿರಬಹುದು. ಎರಡನೆಯ ಭಾನುವಾರ ನನ್ನ ಮೊಮ್ಮಗಳು ಛಡಿಯನ್ನು ಬಳಸಿದಳು. ಕುದುರೆ ಸುಮ್ಮನೆ ನಿಂತಿತ್ತು. ಯಾವ ತಪ್ಪನ್ನೂ ಮಾಡಿರಲಿಲ್ಲ. ಮೇಷ್ಟ್ರು “ಭೇಷ್” ಎಂದರು. ಸಂಜೆ ಮನೆಯ ಗೇಟಿನ ಬಳಿ ಬಿದ್ದಿದ್ದ ತೆಂಗಿನ ಕಡ್ಡಿಯೊಂದನ್ನು ಎತ್ತಿಕೊಂಡು ಪಕ್ಕದ ಮನೆಯ ನಾಯಿಗೆ, “ಕೂತ್ಕೋ! ಯಜಮಾನರು ಯಾರು?” ಎಂದು ಗದರುತ್ತಿದ್ದಳು. ಮಗು ಬಲು ಬೇಗ ಕಲಿಯುತ್ತದೆ. ಸವಾರಿ ಕಲಿಯಲು ಇನ್ನೆರಡು ವರ್ಷ ಬೇಕು. ಇದನ್ನು ಎರಡೇ ವಾ���ದಲ್ಲಿ ಕಲಿತಳು.

ಆದುದರಿಂದ ಸವಾರಿ ಶಾಲೆ ನಡೆಸುವ ಮಹನೀಯರಲ್ಲಿಯೂ, ಅಲ್ಲಿಗೆ ಶುಲ್ಕ ಕಟ್ಟುವ ತಂದೆತಾಯಿಗಳಲ್ಲಿಯೂ ನನ್ನದು ಇಷ್ಟೇ ಕೋರಿಕೆ. ಮೊದಲ ತಿಂಗಳು ಮಗುವನ್ನು ಜೀನಿನ ಮೇಲೆ ಕೂರಿಸಬೇಡಿ. ಕುದುರೆಯ ಹೆಗಲ ಪಕ್ಕದಲ್ಲಿ ನಿಲ್ಲಿಸಿ, ಕೈಗೆ ಹಗ್ಗ ಕೊಡಿ. ಬೆರಳಿನಷ್ಟು ಎಳೆದು ಕಾಯಲಿ. ಕುದುರೆ ಒಂದು ಅಂಗುಲ ಮುಂದೆ ವಾಲಿದರೂ ಹಗ್ಗವನ್ನು ಸಡಿಲ ಬಿಡಲಿ. ಮೈ ಉಜ್ಜಲಿ, ಗೊರಸಿನ ಮಣ್ಣು ಕೆರೆಯಲಿ, ಕಿವಿ ಎತ್ತ ತಿರುಗಿತೆಂದು ನೋಡಲಿ. ಆಮೇಲೆ ಜೀನಿನ ಮೇಲೆ ಕೂರಿಸಿ, ಬೇರೆಯವರು ಹಗ್ಗ ಹಿಡಿದು ನಡೆಸಲಿ. ಮಗುವಿನ ಕಾಲು ತೂಗುವುದು ನಿಂತ ಮೇಲೆ ಲಗಾಮು ಕೊಡಿ. ಛಡಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಅದಿಲ್ಲದೆ ಎಲ್ಲವನ್ನೂ ಮಾಡಬಲ್ಲವನಿಗೆ ಮಾತ್ರ ಕೊಡಿ. ಇದಕ್ಕೆ ಹೆಚ್ಚು ಶುಲ್ಕ ಬೇಕಾದರೆ ಕೇಳಿ, ಕೊಡಬಲ್ಲವರು ಕೊಡುತ್ತಾರೆ.

ಮೂರನೆಯ ಭಾನುವಾರ ನಾನು ಮತ್ತೆ ಹೋಗಿ, ಆ ಸುಭಾಷಿತದ ಅರ್ಥವನ್ನು ಹತ್ತೂ ಬೆರಳು ಮಡಿಸಿ ಮೇಷ್ಟರಿಗೆ ವಿವರಿಸಿದೆ. ಅವರು ಶ್ರದ್ಧೆಯಿಂದಲೇ ಕೇಳಿದರು. ಕೊನೆಗೆ, “ಹಾಗಾದರೆ ಇದು ನಿಮಗೇ ಬೇಕು ಸಾರ್, ಹತ್ತನೇದು ಮುಪ್ಪು ಅಂದ್ರಲ್ಲ” ಎಂದು ನಗುತ್ತ ಛಡಿಯನ್ನು ನನ್ನ ಕೈಗೇ ಕೊಟ್ಟರು. ನಾನೂ ನಕ್ಕು ತೆಗೆದುಕೊಂಡೆ. ಊರುಗೋಲಿಗೆ ಅದು ಗಿಡ್ಡ, ನೆಲಕ್ಕೆ ಮುಟ್ಟುವುದಿಲ್ಲ. ಆದರೂ ಮನೆಗೆ ತಂದು ಬಾಗಿಲ ಹಿಂದೆ ಇಟ್ಟಿದ್ದೇನೆ. ಅಂದು ಮಗು ಬರಿಗೈಯಲ್ಲಿ ಸವಾರಿ ಮಾಡಿತು. ಕುದುರೆ ನಿಧಾನವಾಗಿ ನಡೆಯಿತು, ಆದರೆ ನಡೆಯಿತು. ಲಾಯದ ಗೋಡೆಯ ಮೊಳೆಗಳಲ್ಲಿ ಅಂಥವು ಇನ್ನೂ ಐದಾರು ತೂಗುತ್ತಿದ್ದುದನ್ನು ಬರುವಾಗ ಕಂಡೆ.